ಫಾಲ್ಸ್ ಹೊಲಿಯೋಳು ನೋಡಿದ್ದು

ಕಾಟನ್‌ಪೇಟೆಯ ಅಡ್ಡರಸ್ತೆ, ಮೆಟ್ಟಿಲ ಕೆಳಗೆ
ಒಂದು ಮಿಷನ್ನು, ಒಂದು ಸ್ಟೂಲು, ನಾನು.
ಫಾಲ್ಸು, ಜಿಗ್‌ಜಾಗು, ಕುಚ್ಚು.
ಸೋಮವಾರ ಸೀರೆಗೆ ಬಂದವರು ಕೇಳ್ತಾರೆ:
ನಿನ್ನೆ ಯಾವುದಕ್ಕೆ ಹೋಗಿದ್ರಿ, ಹೇಗಿದೆ?
ನನಗೇನು ಗೊತ್ತು ಸಿನಿಮಾ.
ದುಡ್ಡು ಕೊಟ್ಟಿದೀನಿ, ಅಷ್ಟು ಗೊತ್ತು.

‘ಉಗ್ರಭುಜ ಎರಡು’ ನೋಡಿದೆ.
ಊರೆಲ್ಲ ನೋಡಿದೆ ಅಂತ ನಾನೂ ನೋಡಿದೆ.
ಕಟೌಟಿಗೆ ಹಾಲು ಸುರಿದ ಬೆಳಿಗ್ಗೆ
ನಮ್ಮ ಬೀದಿಗೆ ಹಾಲು ಒಂದು ಗಂಟೆ ತಡ.
ಹೀರೋ ಬಂದ. ನಡೆದ. ಇನ್ನೂ ನಡೆದ.
ಅವನು ನಡೆದು ಮುಗಿಸೋ ಹೊತ್ತಿಗೆ
ಒಂದು ಸೀರೆಯ ಫಾಲ್ಸು ಮುಗೀತಿತ್ತು.
ನಲವತ್ತು ಜನ ಮೇಲೆ ಬಿದ್ದರು,
ಅಂಗಿ ಭುಜದ ಹತ್ತಿರ ಹರೀತು,
ಮುಂದಿನ ಏಟಿಗೆ ಹೊಲಿಗೆ ಕೂಡಿತ್ತು!
ಯಾರಪ್ಪ ಆ ಟೈಲರು, ಕರಕೊಂಡು ಬನ್ನಿ,
ದೀಪಾವಳಿ ಸೀಸನ್ನಿಗೆ ಕೆಲಸ ಕೊಡ್ತೀನಿ.

ಪಕ್ಕದ ಹುಡುಗ ಶಿಳ್ಳೆ ಹೊಡೆದೂ ಹೊಡೆದೂ
ಗಂಟಲು ಒಣಗಿ ನನ್ನ ನೀರಿನ ಬಾಟಲಿ ಕೇಳಿದ.
ಕೊಟ್ಟೆ. ಅವನ ಖುಷಿಗೆ ನಾನ್ಯಾಕೆ ಅಡ್ಡ?
ಸುಳ್ಳು ಹೇಳಬಾರದು,
ಅವನು ತಾಯಿ ಕಾಲು ಹಿಡಿದಾಗ ನನಗೂ ಅಳು ಬಂತು.
ಬಂತು ಅಂತ ಒಳ್ಳೇದು ಅನ್ನಕ್ಕಾಗುತ್ತಾ?
ಈರುಳ್ಳಿ ಹೆಚ್ಚಿದರೂ ಬರುತ್ತೆ.

‘ಮಂಜಿನ ಮದರಂಗಿ’ಯಲ್ಲಿ ಹುಡುಗಿ ಬಡವಿಯಂತೆ.
ಬ್ಲೌಸು ಪ್ರಿನ್ಸೆಸ್ ಕಟ್ಟು, ಬೆನ್ನಿಗೆ ಮಣಿಗೊಂಚಲು,
ಕೂಲಿಯೇ ಎರಡೂವರೆ ಸಾವಿರ. ಬಡವಿ!
ಹಿಮದ ಮೇಲೆ ಮೂರು ಹಾಡು,
ಅವನಿಗೆ ಉಣ್ಣೆ ಕೋಟು, ಇವಳಿಗೆ ಷಿಫಾನು.
ಚಳಿ ಅನ್ನೋದು ಗಂಡಸರಿಗೆ ಮಾತ್ರ ಅಂತ
ಯಾವ ಡೈರೆಕ್ಟರು ಕಂಡುಹಿಡಿದನೋ.
ಮುನಿಲಕ್ಷ್ಮಿ ‘ಸೂಪರ್ ಕಣೆ’ ಅಂದಳು.
ಎರಡು ದಿನ ಮಾತು ಬಿಟ್ಟೆ.
ಮೂರನೇ ದಿನ ಬಾಬಿನ್ ಸಾಲ ಬೇಕಿತ್ತು.

ಕನಕವಲ್ಲಿ ಮೇಡಂ ಪಾಸು ಕೊಟ್ಟಿದ್ದರು,
ಹೊರದೇಶದಲ್ಲಿ ಬಹುಮಾನ ಬಂದಿದ್ದಕ್ಕೆ.
ಒಬ್ಬ ಮುದುಕ ಕಿಟಕಿ ನೋಡ್ತಾನೆ.
ನಾವು ಮುದುಕನ್ನ ನೋಡ್ತೀವಿ.
ಎಸಿ ಚೆನ್ನಾಗಿತ್ತು.
ಎದ್ದಾಗಲೂ ಅವನು ಕಿಟಕೀಲೇ ಇದ್ದ, ಪಾಪ.

ಇನ್ನು ‘ಕಾಜಾ-ಗುಂಡಿ’. ಹೆಸರೇ ಕೇಳಿರಲ್ಲ ನೀವು.
ಮಾಗಡಿ ರಸ್ತೇಲಿ ಮಳೆ ಹಿಡೀತು,
ಬಸ್ಸಿಲ್ಲ, ಎದುರಿಗೆ ಚಂಪಕಾ ಟಾಕೀಸು.
ಒಳಗೆ ಹನ್ನೊಂದು ಜನ,
ಅದರಲ್ಲಿ ಇಬ್ಬರು ಮಳೆಗೆ ಬಂದೋರು, ಒಬ್ಬ ಟಾರ್ಚಿನವನು.
ಪೀಣ್ಯದ ಗಾರ್ಮೆಂಟ್ಸ್ ಹೆಂಗಸಿನ ಕತೆ.
ಮಾತು ಅರ್ಧ ಕೇಳಲ್ಲ. ಗಂಡ ಸಾಯ್ತಾನೆ,
ಯಾಕೆ ಅಂತ ಅವನಿಗೂ ಗೊತ್ತಿದ್ದ ಹಾಗಿಲ್ಲ.
ಆದರೆ ಒಂದು ಕಡೆ, ರಾತ್ರಿ, ಕರೆಂಟು ಹೋದಾಗ,
ಮೊಂಬತ್ತಿ ಬೆಳಕಲ್ಲಿ ಸೂಜಿಗೆ ದಾರ ಪೋಣಿಸ್ತಾಳೆ.
ತಪ್ಪುತ್ತೆ. ಇನ್ನೊಂದು ಸಲ ತಪ್ಪುತ್ತೆ.
ದಾರ ತುಟಿಗಿಟ್ಟು ಒದ್ದೆ ಮಾಡಿ
ಒಂದು ಕಣ್ಣು ಮುಚ್ಚಿ
ಉಸಿರು ಹಿಡಿದಳು.
ನಾನೂ ಹಿಡಿದೆ.

ಹೊರಗೆ ಬಾಗಿಲಲ್ಲಿ ಕಡ್ಡಿಯಂಥ ಹುಡುಗ,
‘ಹೇಗಿತ್ತಕ್ಕಾ?’ ಅಂದ. ತೆಗೆದವನೇ ಅವನು.
ಇಂಟರ್ವಲ್ ಆದಮೇಲೆ ಇಪ್ಪತ್ತು ನಿಮಿಷ ಕತ್ತರಿಸು,
ಸೌಂಡು ಸರಿಮಾಡು, ಗಂಡನ್ನ ಬದುಕಿಸು,
ಇಲ್ಲಾ ಸರಿಯಾಗಿ ಸಾಯಿಸು ಅಂದೆ.
ಟಿಕೆಟ್ಟಿನ ಹಿಂದೆ ಬರಕೊಂಡ.
ಸೂಜಿ ಮಾತ್ರ ಸರಿಯಾಗಿದೆ ಅಂದೆ.
‘ಕೈ ನಮ್ಮಮ್ಮಂದು’ ಅಂದ,
‘ಹೀರೋಯಿನ್ನಿಗೆ ಬರಲಿಲ್ಲ.’
ಮಳೆ ನಿಂತಿತ್ತು. ಇಬ್ಬರೂ ಸುಮ್ಮನೆ ನಿಂತಿದ್ದೆವು.

ಶುಕ್ರವಾರ ಅಲ್ಲಿ ಬೇರೆ ಪೋಸ್ಟರು.
ಸೋಮವಾರ ನೀಲಿ ಸೀರೆಯವರು ಕೇಳಿದರು,
ಯಾವುದಕ್ಕೆ ಹೋಗಿದ್ರಿ, ಚೆನ್ನಾಗಿತ್ತಾ?
ನೋಡಬಹುದಿತ್ತು ಅಂದೆ.
ನಿಮ್ಮದು ಬುಧವಾರ ಆಗುತ್ತೆ,
ಮ್ಯಾಚಿಂಗ್ ದಾರ ಸಿಕ್ಕಿಲ್ಲ.